ಪಾರ್ಟು ಯಾರದು, ಮೈ ಯಾರದು?

1

ನಟನೆಯ ಬಗ್ಗೆ ಕನ್ನಡದಲ್ಲಿ ಬರೆಯುವವರ ಕೈಗೆ ಸುಲಭವಾಗಿ ಸಿಗುವ ಮಾತೊಂದಿದೆ: ಪರಕಾಯ ಪ್ರವೇಶ. ನಟ ತನ್ನ ಮೈ ಬಿಟ್ಟು ಪಾತ್ರದ ಮೈಯೊಳಕ್ಕೆ ಹೊಕ್ಕ, ಪಾತ್ರವೇ ತಾನಾದ ಅಂದುಬಿಟ್ಟರೆ ಹೊಗಳಿಕೆ ಮುಗಿಯಿತು. ಈ ಮಾತನ್ನು ವರ್ಷಾನುಗಟ್ಟಲೆ ಕೇಳಿ ಕೇಳಿ ನನಗೆ ಅದರ ಎರಡನೇ ಪದದ ಮೇಲೆ ಗುಮಾನಿ ಶುರುವಾಗಿದೆ. ಪ್ರವೇಶ ಎನ್ನುವುದು ನಮ್ಮ ಪಾಲಿಗೆ ಅಲಂಕಾರದ ಶಬ್ದವಲ್ಲ. 1927ರಲ್ಲಿ ಮಹಾಡದ ಕೆರೆಯ ನೀರಿಗೆ ಪ್ರವೇಶ, 1930ರಲ್ಲಿ ನಾಸಿಕದ ಕಾಳಾರಾಮನ ಗುಡಿಗೆ ಪ್ರವೇಶ, ಇವತ್ತಿಗೂ ಎಷ್ಟೋ ಹಳ್ಳಿಗಳಲ್ಲಿ ಕ್ಷೌರದಂಗಡಿಗೆ, ಹೋಟೆಲಿನ ಒಳಗಿನ ಬೆಂಚಿಗೆ ಪ್ರವೇಶ. ಇವೆಲ್ಲ ಏಟು ತಿಂದು ಕೇಳಿದಂಥವು. ಹಾಗಿರುವಾಗ ಇನ್ನೊಬ್ಬನ ಕಾಯದೊಳಕ್ಕೆ ಪ್ರವೇಶ ಯಾರಿಗೆ ಉಂಟು, ಯಾರಿಗೆ ಇಲ್ಲ ಎಂದು ಕೇಳದೇ ನಟನೆಯ ಚರಿತ್ರೆ ಬರೆಯಲು ಬರುತ್ತದೆಯೇ?

ಬರೆದಿದ್ದಾರೆ. ಆ ಚರಿತ್ರೆ ಬಹುಮಟ್ಟಿಗೆ ರವೀಂದ್ರ ಕಲಾಕ್ಷೇತ್ರದ ಮೆಟ್ಟಿಲ ಮೇಲೆ ಕೂತು ಬರೆದದ್ದು. ನಾನು ಬೆಂಗಳೂರಿನ ಪಶ್ಚಿಮ ದಿಕ್ಕಿನವನು. ಮಾಗಡಿ ರಸ್ತೆಯ ಆ ಕಡೆ ರಾಜಾಜಿನಗರ, ಬಸವೇಶ್ವರನಗರ, ಈ ಕಡೆ ವಿಜಯನಗರ, ಮೈಸೂರು ರಸ್ತೆ ಹಿಡಿದು ಹೋದರೆ ಜ್ಞಾನಭಾರತಿ, ಕೆಂಗೇರಿ. ಮುಚ್ಚಿಹೋದ ಬಿನ್ನಿ ಮಿಲ್ಲಿನ ಕೂಲಿಗಳು, ರಾಜಾಜಿನಗರದ ಕೈಗಾರಿಕಾ ವಸಾಹತಿನ ಕಾರ್ಮಿಕರು, ಬೆಳಗಿನ ಜಾವ ಪೊರಕೆ ಹಿಡಿದು ಹೊರಡುವ ಪೌರಕಾರ್ಮಿಕರು, ಮಾಗಡಿ, ಕುಣಿಗಲ್, ರಾಮನಗರದ ಕಡೆಯಿಂದ ಬಂದು ನೆಲೆನಿಂತ ಜನ ಇಲ್ಲಿಯವರು. ಸಿದ್ಧಲಿಂಗಯ್ಯನವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಹುಟ್ಟಿ, ಇದೇ ದಿಕ್ಕಿನ ಶ್ರೀರಾಂಪುರದಲ್ಲಿ ಬೆಳೆದವರು. ಈ ದಿಕ್ಕಿನಿಂದ ನೋಡಿದರೆ ಕನ್ನಡದ ನಟನೆಯ ಚರಿತ್ರೆ ಬೇರೆ ಥರ ಕಾಣುತ್ತದೆ. ಅದನ್ನು ಇಲ್ಲಿ ಹೇಳಲು ನೋಡುತ್ತೇನೆ.

2

ಶಾಸ್ತ್ರದಿಂದಲೇ ಶುರುಮಾಡೋಣ. ಭರತನ ನಾಟ್ಯಶಾಸ್ತ್ರವನ್ನು ಪುರೋಹಿತಶಾಹಿಯ ಪುಸ್ತಕ ಎಂದು ಪಕ್ಕಕ್ಕೆ ತಳ್ಳಿದರೆ ನಮಗೇ ನಷ್ಟ. ಅದರ ಮೊದಲ ಅಧ್ಯಾಯದಲ್ಲಿ ಒಂದು ಕಥೆ ಇದೆ. ಶೂದ್ರರು ವೇದ ಕೇಳಬಾರದಾದ್ದರಿಂದ ಎಲ್ಲ ವರ್ಣದವರಿಗೂ ಸಲ್ಲುವ ಐದನೇ ವೇದವಾಗಿ ನಾಟ್ಯವನ್ನು ಮಾಡಿದರಂತೆ. ಮೊದಲ ಪ್ರಯೋಗ ಇಂದ್ರಧ್ವಜದ ಹಬ್ಬದಲ್ಲಿ. ವಸ್ತು, ದೇವತೆಗಳು ಅಸುರರನ್ನು ಸೋಲಿಸಿದ್ದು. ನೋಡಲು ಬಂದ ಅಸುರರು ಸುಮ್ಮನೆ ಕೂರಲಿಲ್ಲ. ನಮ್ಮನ್ನು ಹೀಗೆ ತೋರಿಸುವುದೇನು ಎಂದು ಸಿಟ್ಟಿಗೆದ್ದು ನಟರ ಮಾತು, ಚಲನೆ, ನೆನಪು ಮೂರನ್ನೂ ಕಟ್ಟಿಹಾಕಿದರು. ಆಗ ಇಂದ್ರ ಧ್ವಜದ ಕೋಲು ಕಿತ್ತುಕೊಂಡು ಅವರನ್ನು ಬಡಿದ. ಆ ಕೋಲೇ ರಂಗದ ಪೂಜೆಯಲ್ಲಿ ಜರ್ಜರವಾಗಿ ನಿಂತಿತು.

ನಾನು ಇದನ್ನು ಹೀಗೆ ಓದುತ್ತೇನೆ: ಈ ದೇಶದ ಮೊದಲ ರಂಗವಿಮರ್ಶಕ ಅಸುರ. ತನ್ನ ಪಾತ್ರವನ್ನು ಇನ್ನೊಬ್ಬ ಮಾಡುತ್ತಿರುವುದನ್ನು ನೋಡಿ, ನಾನು ಹಿಂಗಿಲ್ಲ ಕಣಯ್ಯ ಎಂದವನು ಅವನು. ಅವನಿಗೆ ಮೊದಲು ಸಿಕ್ಕ ಉತ್ತರ ಕೋಲಿನ ಏಟು. ನಾಟ್ಯವು ಮೂರು ಲೋಕದ ಅನುಕರಣೆ, ಯಾರೊಬ್ಬರ ಪರವೂ ಅಲ್ಲ ಎಂದು ಬ್ರಹ್ಮ ಸಮಾಧಾನ ಹೇಳಿದ್ದು ಆಮೇಲೆ. ಅದೇ ಗ್ರಂಥದ ಕೊನೆಗೆ ಬಂದರೆ ಭರತನ ಮಕ್ಕಳು ಋಷಿಗಳನ್ನು ಅಣಕಿಸಿ ಆಡಿ, ಶೂದ್ರರಾಗಿರಿ ಎಂಬ ಶಾಪ ತಗೊಳ್ಳುತ್ತಾರೆ. ಅಸುರನನ್ನು ಅಣಕಿಸಿದರೆ ನಾಟ್ಯ, ಋಷಿಯನ್ನು ಅಣಕಿಸಿದರೆ ಜಾತಿಯಿಂದ ಇಳಿಸುವ ಶಿಕ್ಷೆ. ನಟನೆ ಯಾವ ದಿಕ್ಕಿಗೆ ಹೋಗಬಹುದು, ಯಾವ ದಿಕ್ಕಿಗೆ ಹೋಗಬಾರದು ಎಂಬ ಕಾನೂನು ಈ ಎರಡು ಕಥೆಗಳ ನಡುವೆ ಇದೆ. ಮುಂದೆ ಹೇಳುವುದೆಲ್ಲ ಈ ಕಾನೂನು ಕನ್ನಡದಲ್ಲಿ ಹೇಗೆ ನಡೆಯಿತು, ಎಲ್ಲೆಲ್ಲಿ ಮುರಿಯಿತು ಎನ್ನುವುದೇ.

3

ಕನ್ನಡದ ತೆರೆಯ ಮೇಲೆ ಅಸ್ಪೃಶ್ಯನ ಅತ್ಯಂತ ಜನಪ್ರಿಯ ಪಾತ್ರ ಯಾವುದು ಎಂದರೆ ನಮ್ಮ ಓದಿದವರು ಚೋಮ ಎನ್ನುತ್ತಾರೆ. ಕೇರಿಯಲ್ಲಿ ಕೇಳಿದರೆ ವೀರಬಾಹು. 1965ರಲ್ಲಿ ಹುಣಸೂರು ಕೃಷ್ಣಮೂರ್ತಿ ನಿರ್ದೇಶಿಸಿದ 'ಸತ್ಯ ಹರಿಶ್ಚಂದ್ರ'ದಲ್ಲಿ ಹರಿಶ್ಚಂದ್ರನಾಗಿ ರಾಜ್‌ಕುಮಾರ್, ಮಸಣದ ಒಡೆಯ ವೀರಬಾಹುವಾಗಿ ಎಂ.ಪಿ. ಶಂಕರ್. 2008ರಲ್ಲಿ ಅದೇ ಚಿತ್ರಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದಾಗಲೂ ವೀರಬಾಹುವಿನ ಹಾಡು ಬಂದಕೂಡಲೇ ಶಿಳ್ಳೆ. ಜಾತಿ ಮೇಲುಕೀಳನ್ನು ನಗುತ್ತ ಕೆಡವುವ ಆ ಹಾಡು ಸಿನಿಮಾದಿಂದ ಬಿಡಿಸಿಕೊಂಡು ಅಂಬೇಡ್ಕರ್ ಜಯಂತಿಯ ಮೈಕಿಗೆ ಬಂದು ಎಷ್ಟೋ ಕಾಲವಾಯಿತು.

ಇದು ಯಾಕೆ ಹೀಗಾಯಿತು ಎಂದು ಯೋಚಿಸಬೇಕು. ಕಥೆಯನ್ನು ನೋಡಿದರೆ ಅದು ನಮ್ಮ ಪರವಾಗಿಲ್ಲ. ರಾಜನೊಬ್ಬ ಚಂಡಾಲನ ಆಳಾಗುವ ಮಟ್ಟಕ್ಕೆ ಬಿದ್ದನಲ್ಲಾ ಎಂದು ಪ್ರೇಕ್ಷಕ ಅಳಬೇಕು. ಅಲ್ಲೇ ಹುಟ್ಟಿ ಅಲ್ಲೇ ಸಾಯುವವರಿಗಾಗಿ ಅಳುವಂತೆ ಕಥೆ ಕೇಳುವುದಿಲ್ಲ. ವೀರಬಾಹು ಅಲ್ಲಿ ಬಾವಿಯ ಆಳ ಅಳೆಯುವ ಹಗ್ಗ ಮಾತ್ರ. ಆದರೆ ಆ ಪಾತ್ರಕ್ಕೆ ಬಂದ ಮೈ ಯಾವುದು? ಮೈಸೂರಿನ ಗರಡಿಯಲ್ಲಿ ಸಾಮು ಮಾಡಿ ಬೆಳೆದ ಪೈಲ್ವಾನನ ಮೈ. ಶಂಕರ್ ಬಗ್ಗಲಿಲ್ಲ. ಎದೆ ಮುಂದೆ ಮಾಡಿ, ಕೋಲು ಊರಿ, ಹೊಟ್ಟೆ ತುಂಬ ನಕ್ಕರು. ಕೇರಿಯವನು ಬಿಳಿಯ ಪರದೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ನಿಂತದ್ದನ್ನು ನಮ್ಮವರು ಕಂಡದ್ದು ಅಲ್ಲಿ. ಪುರಾಣ ಬರೆದವನಿಗೆ ಇರದಿದ್ದ ಉದ್ದೇಶ ಪೈಲ್ವಾನನ ಬೆನ್ನುಮೂಳೆಯಿಂದ ಒಳಕ್ಕೆ ಬಂತು. ನಟ ಪಾತ್ರಕ್ಕೆ ಏನು ಕೊಡುತ್ತಾನೆ ಎಂದು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ: ಕಥೆ ಕೊಡದ್ದನ್ನೂ ಮೈ ಕೊಡಬಲ್ಲದು.

ಈ ಕಥೆಯ ಮೂಲಕ್ಕೆ ಹೋದರೆ ಇನ್ನೊಂದು ವಿಷಯ ಸಿಗುತ್ತದೆ. ರಾಘವಾಂಕನ 'ಹರಿಶ್ಚಂದ್ರ ಕಾವ್ಯ'ದಲ್ಲಿ ವಿಶ್ವಾಮಿತ್ರ ಸೃಷ್ಟಿಸಿ ಕಳಿಸಿದ ಇಬ್ಬರು ಹೊಲತಿಯರು ರಾಜನ ಮುಂದೆ ಹಾಡಿ ಕುಣಿದು, ಅವನ ಮುತ್ತಿನ ಸತ್ತಿಗೆಯನ್ನು ಕೇಳುತ್ತಾರೆ. ಅದು ಸಿಗದಾದಾಗ ನಮ್ಮನ್ನು ಮದುವೆಯಾಗು ಎನ್ನುತ್ತಾರೆ. ರಾಜ ಜಾತಿ ಎತ್ತಿ ನಿರಾಕರಿಸುತ್ತಾನೆ. ಆಗ ಆ ಹೆಣ್ಣುಮಕ್ಕಳು ಹೂಡುವ ವಾದ ಹದಿಮೂರನೇ ಶತಮಾನದ್ದು ಎಂದು ನಂಬುವುದು ಕಷ್ಟ. ನಮ್ಮ ಹಾಡು ಕೇಳಿದ ಕಿವಿ ಮೈಲಿಗೆಯಾಗಲಿಲ್ಲ, ರೂಪ ನೋಡಿದ ಕಣ್ಣು ಮೈಲಿಗೆಯಾಗಲಿಲ್ಲ, ಮುಟ್ಟುವುದೊಂದು ಮಾತ್ರ ಹೇಗೆ ಮೈಲಿಗೆ ಎಂಬುದು ಅವರ ಪ್ರಶ್ನೆ.

ನಾಟಕ, ಸಿನಿಮಾಗಳ ಬಗ್ಗೆ ಇದಕ್ಕಿಂತ ಹರಿತವಾದ ಪ್ರಶ್ನೆಯನ್ನು ನಾನು ಕಂಡಿಲ್ಲ. ಪ್ರೇಕ್ಷಕ ಕಣ್ಣು, ಕಿವಿಗಳಿಂದ ನಮ್ಮನ್ನು ಸವಿಯುತ್ತಾನೆ. ಮುಟ್ಟುವ ಕಷ್ಟ ಅವನಿಗಿಲ್ಲ. ಮುಟ್ಟಬೇಕಾದವನು ನಟನೊಬ್ಬನೇ. ಅವನ ಚರ್ಮಕ್ಕೆ ಪಾತ್ರದ ಚರ್ಮ ತಾಗಬೇಕು. ತಾಗಿತೋ ಇಲ್ಲವೋ ಎನ್ನುವುದೇ ನಟನೆಯ ಪರೀಕ್ಷೆ. ಬಣ್ಣ ಕಪ್ಪು ಮಾಡಿಕೊಳ್ಳುವುದು, ಗೋಣು ಬಗ್ಗಿಸುವುದು, 'ಬುದ್ಧೀ' ಎಂದು ಎಳೆದು ಹೇಳುವುದು, ಇವು ತಾಗದೇ ತಾಗಿದಂತೆ ತೋರಿಸುವ ಉಪಾಯಗಳು. ಇಂಥ ಉಪಾಯಗಳನ್ನು ಶಾಲೆ ಕಾಲೇಜುಗಳ ವಾರ್ಷಿಕೋತ್ಸವದಿಂದ ಹಿಡಿದು ದೊಡ್ಡ ರಂಗಮಂದಿರಗಳವರೆಗೆ ನಾವೆಲ್ಲ ನೋಡಿದ್ದೇವೆ.

4

ವಾರ್ಷಿಕೋತ್ಸವ ಎಂದಮೇಲೆ ಕುವೆಂಪು ಅವರ 'ಜಲಗಾರ' ನೆನಪಾಗದೇ ಇರದು. 1928ರ ಈ ಪುಟ್ಟ ನಾಟಕದಷ್ಟು ಸಲ ಕನ್ನಡದ ಹುಡುಗರು ಆಡಿದ ನಾಟಕಗಳು ಕಮ್ಮಿ. ಊರಿನವರೆಲ್ಲ ಶಿವನ ಗುಡಿಗೆ ಹೋಗುತ್ತಾರೆ, ಜಲಗಾರ ಬೀದಿ ಗುಡಿಸುತ್ತ ಹೊರಗೇ ಉಳಿಯುತ್ತಾನೆ, ಶಿವ ತಾನೇ ಜಗದ ಜಲಗಾರನಾಗಿ ಬಂದು ಅವನ ಮುಂದೆ ನಿಲ್ಲುತ್ತಾನೆ. ಗುಡಿಯ ಪುರೋಹಿತಶಾಹಿಗೆ ಆ ಕಾಲದಲ್ಲಿ ಕೊಟ್ಟ ಪೆಟ್ಟಾಗಿ ನಾಟಕಕ್ಕಿರುವ ಬೆಲೆಯನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಕುವೆಂಪು 1944ರ 'ಶೂದ್ರ ತಪಸ್ವಿ'ಯಲ್ಲಿ ರಾಮಾಯಣದ ಶಂಬೂಕನ ಕಥೆಯನ್ನೇ ತಿರುಗಿಸಿ ಬರೆದವರು.

ನನ್ನ ಪ್ರಶ್ನೆ ಜಲಗಾರನ ಪಾತ್ರ ಮಾಡುವ ಹುಡುಗನದ್ದು. ಅವನು ಏನನ್ನು ಅಭಿನಯಿಸಬೇಕು? ವಿನಯವನ್ನು, ಭಕ್ತಿಯನ್ನು, ಕೊನೆಗೆ ಪುಳಕವನ್ನು. ಪೊರಕೆ ಅವನ ಕೈಯಲ್ಲೇ ಉಳಿಯುತ್ತದೆ. ಅದಕ್ಕೆ ದೈವದ ಒಪ್ಪಿಗೆ ಸಿಗುತ್ತದೆ, ಅಷ್ಟೆ. ಗಾಂಧೀಜಿ ಆದರ್ಶ ಭಂಗಿಯ ಬಗ್ಗೆ ಬರೆದಾಗ ಅಂಬೇಡ್ಕರರು ಹೇಳಿದ್ದು ಇದನ್ನೇ: ಹೊಲಸು ಬಳಿಯುವ ಕೆಲಸವನ್ನು ಪುಣ್ಯ ಎಂದು ಹೊಗಳಿ ಅದೇ ಜಾತಿಯವರ ಹೆಗಲಿಗೆ ಗಂಟುಹಾಕಬೇಡಿ. ಜ್ಞಾನಭಾರತಿಯಲ್ಲಿ ಪಾಠ ಹೇಳಿದ ಡಿ.ಆರ್. ನಾಗರಾಜ್ (1954-1998) ಗಾಂಧಿಯ ಆತ್ಮಶುದ್ಧಿಯನ್ನೂ ಅಂಬೇಡ್ಕರರ ಆತ್ಮಗೌರವವನ್ನೂ ಎದುರುಬದುರು ನಿಲ್ಲಿಸಿ ಯೋಚಿಸಿದರು. ಜಲಗಾರನ ಪಾತ್ರ ಮಾಡುವ ಸವರ್ಣೀಯ ಹುಡುಗನಿಗೆ ಆ ಅರ್ಧ ಗಂಟೆ ಆತ್ಮಶುದ್ಧಿ. ಅದೇ ಪಾತ್ರವನ್ನು ಪೌರಕಾರ್ಮಿಕರ ಮಗನಿಗೆ ಕೊಟ್ಟು ನೋಡಿ. ಅವನಿಗೆ ಅದು ನಟನೆಯೇ ಅಲ್ಲ. ಮೇಷ್ಟ್ರು ಕ್ಲಾಸಿನಲ್ಲಿ ಎಲ್ಲರ ಮುಂದೆ ಅವನ ಜಾತಿ ಕೂಗಿದ ಹಾಗೆ.

ದೇವರಾಜ ಅರಸು ಅವರ ಸಂಪುಟದಲ್ಲಿ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ನಿಷೇಧಿಸಿದರು. 1993ರಲ್ಲಿ ಕೇಂದ್ರದ ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಅಷ್ಟಾದ ಮೇಲೂ ಮ್ಯಾನ್‌ಹೋಲಿಗೆ ಇಳಿದು ಸತ್ತವರ ಸುದ್ದಿ ಬರುತ್ತಲೇ ಇದೆ. ಹೀಗಿರುವಾಗ ಜಲಗಾರನನ್ನು ಇವತ್ತು ಆಡುವವರು ಆ ಪುಳಕವನ್ನು ಹೇಗೆ ಅಭಿನಯಿಸಬೇಕು ಎಂದು ನಿರ್ದೇಶಕ ತನ್ನನ್ನೇ ಕೇಳಿಕೊಳ್ಳಬೇಕಾಗುತ್ತದೆ.

ಇಲ್ಲೇ ಇನ್ನೊಂದು ಮಾತು. ಮಾರ್ಕಂಡೇಯ ಪುರಾಣದಲ್ಲಿ ಹರಿಶ್ಚಂದ್ರನನ್ನು ಕೊಂಡ ಚಂಡಾಲ ಧರ್ಮದೇವತೆಯ ವೇಷ. ಶಂಕರಾಚಾರ್ಯರಿಗೆ ಎದುರಾದ ಚಂಡಾಲ ಶಿವನ ವೇಷ. ಜಲಗಾರನಿಗೆ ಕಂಡ ಜಲಗಾರನೂ ಶಿವ. ಅಂದರೆ ಹೊಲೆಯ ಘನವಾದ ಮಾತಾಡಿದರೆ ಅವನು ಹೊಲೆಯನಾಗಿ ಉಳಿಯುವ ಹಾಗಿಲ್ಲ, ಒಳಗೆ ದೇವರಿರಬೇಕು. ನಮ್ಮ ಪುರಾಣಗಳಲ್ಲಿ ಪರಕಾಯ ಪ್ರವೇಶ ಮಾಡಿದ ಮೊದಲ ನಟರು ದೇವರುಗಳು. ಅವರು ನಮ್ಮ ಮೈಯನ್ನು ಬಾಡಿಗೆಗೆ ತಗೊಂಡರು, ಬಾಡಿಗೆ ಕೊಡಲಿಲ್ಲ.

5

ಈಗ ಚೋಮ. ಶಿವರಾಮ ಕಾರಂತರ 'ಚೋಮನ ದುಡಿ' ಕಾದಂಬರಿ 1933ರದು, ಬಿ.ವಿ. ಕಾರಂತರ ಸಿನಿಮಾ 1975ರದು. ಚಿತ್ರಕ್ಕೆ ಸ್ವರ್ಣಕಮಲ ಬಂತು, ಚೋಮನಾದ ಎಂ.ವಿ. ವಾಸುದೇವರಾಯರಿಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. ಕನ್ನಡದ ಚಿತ್ರವೊಂದರ ದಲಿತ ಪಾತ್ರಕ್ಕೆ ದೇಶದ ದೊಡ್ಡ ಮನ್ನಣೆ.

ವಾಸುದೇವರಾಯರ ಅಭಿನಯ ಸುಳ್ಳು ಎಂದು ಹೇಳಿದರೆ ಅದು ಅನ್ಯಾಯ. ಸೊರಗಿದ ಆ ಮೈ, ಒಳಕ್ಕೆ ಹೋದ ಆ ಕಣ್ಣು, ಮಾತು ಸೋತಾಗ ದುಡಿಯ ಮೇಲೆ ಬೀಳುವ ಆ ಕೈ ಇವನ್ನು ಮರೆಯುವುದು ಸಾಧ್ಯವಿಲ್ಲ. ಹೊಲ ಉಳಬೇಕೆಂಬ ಒಂದೇ ಆಸೆ ಹೊತ್ತ ಮುದುಕ, ಸಾಲಕ್ಕೆ ಕಾಫಿ ತೋಟಕ್ಕೆ ಹೋಗುವ ಮಕ್ಕಳು, ಅಲ್ಲಿ ಮೈ ಕೊಡಬೇಕಾಗಿ ಬರುವ ಬೆಳ್ಳಿ, ನೀರಿನಲ್ಲಿ ಮುಳುಗುತ್ತಿರುವ ಹುಡುಗನನ್ನು ಮುಟ್ಟಲಾರದೇ ದಡದಲ್ಲೇ ನಿಂತ ಮೇಲುಜಾತಿಯವರು. ಈ ಕಥೆ ಸುಳ್ಳೆಂದು ಯಾರು ಹೇಳುತ್ತಾರೆ?

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಚೋಮನಿಗೆ ದುಡಿ ಇದೆ, ಮಾತು ಎಷ್ಟಿದೆ? ಅವನ ಸಿಟ್ಟು, ಆಸೆ, ಸೋಲು ಮೂರೂ ಚರ್ಮವಾದ್ಯದಲ್ಲೇ ಮುಗಿಯುತ್ತವೆ. ಕೊನೆಗೆ ನೇಗಿಲು ಮುರಿದು, ಎತ್ತುಗಳನ್ನು ಓಡಿಸಿ, ಬಾಗಿಲು ಹಾಕಿಕೊಂಡು ದುಡಿ ಬಾರಿಸುತ್ತ ಸಾಯುತ್ತಾನೆ. ನಟನ ಮುಂದೆ ಇದ್ದದ್ದು ಹೊರಗಿನಿಂದ, ಅನುಕಂಪದಿಂದ ಬರೆದ ಪಾತ್ರ. ಅಂಥ ಪಾತ್ರದಲ್ಲಿ ನಟ ಪ್ರವೇಶಿಸುವುದು ನೋವಿನ ಒಂದೇ ಬಾಗಿಲಿನಿಂದ. ಒಳಗೆ ಬೇರೆ ಕೋಣೆಗಳಿವೆ, ಜಗಳದ ಕೋಣೆ, ನಗುವಿನ ಕೋಣೆ, ಲೆಕ್ಕಾಚಾರದ ಕೋಣೆ. ಅವಕ್ಕೆ ಬಾಗಿಲು ಇಟ್ಟಿರಲಿಲ್ಲ. ಹೀಗಾಗಿ ಚೋಮನನ್ನು ನೋಡಿ ಸವರ್ಣೀಯ ಪ್ರೇಕ್ಷಕ ಅತ್ತ. ಅತ್ತವನು ಮನೆಗೆ ಹೋಗಿ ನೆಮ್ಮದಿಯಿಂದ ಮಲಗಿದ. ನಮ್ಮ ಹುಡುಗ ಮಾತ್ರ ಥಿಯೇಟರಿನಿಂದ ತಲೆ ತಗ್ಗಿಸಿಕೊಂಡು ಹೊರಬಂದ. ಒಂದೇ ಅಭಿನಯ, ಎರಡು ಪರಿಣಾಮ. ವಿಮರ್ಶೆ ಎರಡನ್ನೂ ಲೆಕ್ಕಕ್ಕೆ ತಗೋಬೇಕು.

6

1975ರಲ್ಲೇ ಬೇರೆ ಎರಡು ಸಂಗತಿ ನಡೆದವು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು, ಬೆಂಗಳೂರಿನಲ್ಲಿ ಸಮುದಾಯ ಹುಟ್ಟಿತು. ಎರಡು ವರ್ಷಕ್ಕೆ ಮೊದಲು, 1973ರ ಬೂಸಾ ಪ್ರಕರಣದಲ್ಲಿ ಬಸವಲಿಂಗಪ್ಪನವರ ಮೇಲೆ ಮುಗಿಬಿದ್ದ ಗಲಾಟೆಯಲ್ಲಿ ಹಾಸ್ಟೆಲಿನ ದಲಿತ ಹುಡುಗರು ಏಟು ತಿಂದಿದ್ದರು. ಅದರ ಬೆನ್ನಿಗೇ ದಲಿತ ಸಂಘರ್ಷ ಸಮಿತಿ ಕಟ್ಟಿಕೊಂಡಿತು. ಈಗ ಕೇರಿಯವನು ತನ್ನ ಪಾತ್ರವನ್ನು ತಾನೇ ಬರೆಯಲು ಶುರುಮಾಡಿದ. ಸಿದ್ಧಲಿಂಗಯ್ಯನವರ ನಾಟಕಗಳ ಹೆಸರೇ ನೋಡಿ: 'ಪಂಚಮ', 'ನೆಲಸಮ', 'ಏಕಲವ್ಯ'. ಇಲ್ಲಿ ದಲಿತ ಪಾತ್ರ ದುಡಿ ಬಾರಿಸುವುದಿಲ್ಲ, ಪ್ರಶ್ನೆ ಕೇಳುತ್ತದೆ.

1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ಹನ್ನೊಂದು ಜನರನ್ನು ಕೊಂದು ಸುಟ್ಟರು. ಸತ್ತವರಲ್ಲಿ ಹೆಚ್ಚಿನವರು ದಲಿತರು. ಅದನ್ನು ಸಮುದಾಯ 'ಬೆಲ್ಚಿ' ಬೀದಿನಾಟಕವಾಗಿ ಊರೂರಿಗೆ ಒಯ್ದಿತು. ಬೀದಿನಾಟಕದಲ್ಲಿ ಬಣ್ಣವಿಲ್ಲ, ಪರದೆಯಿಲ್ಲ, ಕತ್ತಲೆಯಿಲ್ಲ. ನಟನ ಮುಖ ಮೂರು ಅಡಿ ದೂರದಲ್ಲಿ ನಿಂತವನಿಗೆ ಕಾಣುತ್ತದೆ. ಪರಕಾಯ ಪ್ರವೇಶದ ಮಾಯೆ ಅಲ್ಲಿ ನಡೆಯುವುದಿಲ್ಲ. ನಾನು ಸತ್ತವನಲ್ಲ, ಸತ್ತವನ ಪರವಾಗಿ ಬಂದಿದ್ದೇನೆ ಎಂದು ನಟ ಮೈಯಿಂದಲೇ ಹೇಳಬೇಕು. ಬ್ರೆಕ್ಟ್ ಜರ್ಮನಿಯಲ್ಲಿ ಕೇಳಿದ ಅಂತರವನ್ನು ನಮ್ಮ ಹುಡುಗರು ಸಂತೆಬೀದಿಯಲ್ಲಿ ಕಲಿತರು. ಬೆಲ್ಚಿ ದೂರದ ಬಿಹಾರದ್ದು ಎಂದು ಸಮಾಧಾನ ಮಾಡಿಕೊಂಡಿದ್ದವರಿಗೆ 2000ದ ಮಾರ್ಚಿನಲ್ಲಿ ಉತ್ತರ ಸಿಕ್ಕಿತು. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಸುಟ್ಟರು. ಸಾಕ್ಷಿಗಳು ತಿರುಗಿಬಿದ್ದರು, ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕೋರ್ಟಿನಲ್ಲಿ ಸತ್ತವರ ಮಾತನ್ನು ಆಡಬೇಕಾದವರ ಬಾಯಿ ಕಟ್ಟಿದಾಗ, ಬೀದಿಯಲ್ಲಿ ನಿಂತು ಆ ಮಾತನ್ನು ಆಡುವ ನಟನಿಗೆ ಇರುವ ಜವಾಬ್ದಾರಿ ಎಂಥದ್ದು ಎಂದು ಯೋಚಿಸಿ.

ಇನ್ನು ಸಾಕವ್ವ. ದೇವನೂರ ಮಹಾದೇವರ 'ಒಡಲಾಳ'ವನ್ನು ಸಿ.ಜಿ. ಕೃಷ್ಣಸ್ವಾಮಿ ರಂಗಕ್ಕೆ ತಂದಾಗ ಮುದುಕಿ ಸಾಕವ್ವನಾದವರು ಉಮಾಶ್ರೀ. ಆಗ ಅವರಿನ್ನೂ ಯುವತಿ. 1984ರ 'ಅನುಭವ'ದಂಥ ಸಿನಿಮಾಗಳಿಂದ ಗುರುತಾಗಿ, ದ್ವಂದ್ವಾರ್ಥದ ಹಾಸ್ಯಕ್ಕೆ ಗಾಂಧಿನಗರ ಅವರನ್ನು ಕಟ್ಟಿಹಾಕಿದ್ದ ಕಾಲ. ಆ ನಟಿ ಕಳೆದುಹೋದ ಹುಂಜವನ್ನು ಹುಡುಕುವ, ಮಕ್ಕಳು ಸೊಸೆಯರನ್ನು ಬೈಯುವ, ಮೊಮ್ಮಗನನ್ನು ದುಪ್ಟಿ ಕಮೀಷನರು ಎಂದು ಮುದ್ದಿಸುವ ಮುದುಕಿಯಾಗಿ ರಂಗದ ಮೇಲೆ ಕೂತಾಗ ಆದದ್ದು ಚೋಮನಿಗಿಂತ ಬೇರೆ. ಸಾಕವ್ವನ ಮನೆಯಲ್ಲಿ ಹಸಿವಿದೆ, ಕದ್ದ ಕಡಲೆಕಾಯಿ ಇದೆ, ಪೊಲೀಸರು ಬರುತ್ತಾರೆ. ಅದರ ನಡುವೆಯೇ ರಾತ್ರಿಯೆಲ್ಲ ಕಡಲೆಕಾಯಿ ತಿನ್ನುವ ಸಡಗರ ಇದೆ, ಗೋಡೆಯ ಮೇಲೆ ನವಿಲು ಬರೆಯುವ ಹುಡುಗಿ ಇದ್ದಾಳೆ. ಪಾತ್ರದೊಳಕ್ಕೆ ಹೋಗಲು ನಟಿಗೆ ಹತ್ತು ಬಾಗಿಲು.

ಉಮಾಶ್ರೀ ಒಳಕ್ಕೆ ಹೋದದ್ದು ನಾಲಿಗೆಯಿಂದ ಎಂದು ನನ್ನ ಅನಿಸಿಕೆ. ಮಹಾದೇವರು ಬರೆದದ್ದು ನಂಜನಗೂಡು ಸೀಮೆಯ ಕೇರಿಯ ಮಾತು. ಆ ಮಾತನ್ನು ಅದರ ಏರಿಳಿತದಲ್ಲಿ ಆಡಬೇಕಾದರೆ ಉಸಿರು ಬದಲಾಗಬೇಕು, ಉಸಿರು ಬದಲಾದರೆ ಎದೆ, ಭುಜ, ಕೂರುವ ಭಂಗಿ ಎಲ್ಲ ಬದಲಾಗುತ್ತವೆ. ಗೋಣು ಬಗ್ಗಿಸಿ ಹೊರಗಿನಿಂದ ಒಳಕ್ಕೆ ಹೋಗುವುದು ಒಂದು ದಾರಿ, ಮಾತನ್ನು ಬಾಯಿಗೆ ಹಾಕಿಕೊಂಡು ಒಳಗಿನಿಂದ ಹೊರಕ್ಕೆ ಬರುವುದು ಇನ್ನೊಂದು. ಪಾತ್ರದ ಭಾಷೆ ನಿಜವಾಗಿದ್ದರೆ ಬೇರೆ ಜಾತಿಯ ನಟನಿಗೂ ಅದು ದಾರಿ ಬಿಡುತ್ತದೆ. ಭಾಷೆ ಸುಳ್ಳಾದರೆ ನಮ್ಮ ಜಾತಿಯವನೇ ಬಂದು ನಿಂತರೂ ಸುಳ್ಳೇ. ದಲಿತ ಪಾತ್ರವನ್ನು ದಲಿತನೇ ಮಾಡಬೇಕು ಎಂಬ ವಾದವನ್ನು ನಾನು ಪೂರ್ತಿ ಒಪ್ಪದಿರುವುದು ಇದಕ್ಕೇ. ಜಾತಿ ಸರ್ಟಿಫಿಕೇಟು ನೋಡಿ ಪಾರ್ಟು ಹಂಚಿದರೆ ಕಡೆಗೆ ನಮಗೆ ಉಳಿಯುವುದು ಜಲಗಾರನ ಪಾರ್ಟೇ.

7

ಹಾಗಾದರೆ ಕೇರಿಯ ನಟ ಬೇರೆ ಯಾವ ಪಾರ್ಟು ಮಾಡಿದ? ಇದು ನಮ್ಮ ರಂಗಚರಿತ್ರೆಯಲ್ಲಿ ಬರೆಯದೇ ಬಿಟ್ಟ ಹಾಳೆ. ಕೆಂಗೇರಿಯ ಸುತ್ತ, ಮಾಗಡಿ ರಸ್ತೆಯ ಹಳ್ಳಿಗಳಲ್ಲಿ, ಈಗ ಬಡಾವಣೆಗಳ ಹೊಟ್ಟೆಯೊಳಗೆ ಸಿಕ್ಕಿಕೊಂಡಿರುವ ಹಳೆಯ ಊರುಗಳಲ್ಲಿ ಪೌರಾಣಿಕ ನಾಟಕ ಇನ್ನೂ ನಡೆಯುತ್ತದೆ. ಹೆಚ್ಚಾಗಿ 'ಕುರುಕ್ಷೇತ್ರ'. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಹತ್ತಿರ ಪ್ರಾಕ್ಟೀಸು, ಬಾಡಿಗೆಗೆ ತಂದ ಸೀನರಿ, ಬಾಡಿಗೆಯ ಕಿರೀಟ, ಗದೆ, ರಾತ್ರಿಯಿಂದ ಬೆಳಗಿನವರೆಗೆ ಆಟ. ಇಲ್ಲಿ ನಟನಿಗೆ ಸಂಬಳವಿಲ್ಲ. ಅವನೇ ಕಾಸು ಕೊಟ್ಟು ಪಾರ್ಟು ತಗೋಬೇಕು. ಕೃಷ್ಣ, ದುರ್ಯೋಧನ, ಕರ್ಣ, ಭೀಮ ಇವು ದುಬಾರಿ. ಸೈನಿಕನ ಪಾರ್ಟು ಅಗ್ಗ. ಕೇಳುವವರು ಹೆಚ್ಚಾದರೆ ಒಂದೇ ನಾಟಕದಲ್ಲಿ ಇಬ್ಬರು ಮೂವರು ಕೃಷ್ಣರು ಬರುತ್ತಾರೆ. 'ಪಾರ್ಟು ಎಷ್ಟಕ್ಕೆ ತಗೊಂಡೆ?' ಎನ್ನುವುದು ಈ ಕಡೆಯ ಮಾಮೂಲಿ ಮಾತು.

ಓದಿದವರು ಇದನ್ನು ನೋಡಿ ನಗುತ್ತಾರೆ. ನಾನು ನಗಲಾರೆ. ಯಾಕೆಂದರೆ ಶಾಸ್ತ್ರದ ಕಾನೂನು ತಿರುಗುಮುರುಗಾಗುವುದು ಇಲ್ಲೇ. ಇಷ್ಟು ಹೊತ್ತು ನಾವು ನೋಡಿದ್ದು ಮೇಲಿನವನು ಕೆಳಗಿನವನ ಮೈಗೆ ಇಳಿಯುವುದನ್ನು. ಇಲ್ಲಿ ಕೇರಿಯ ಹುಡುಗ ಚಕ್ರವರ್ತಿಯ ಮೈಗೆ ಹತ್ತುತ್ತಾನೆ. ಹಗಲು ಕಸದ ಲಾರಿಯ ಹಿಂದೆ ನಿಲ್ಲುವವನು, ಬಸ್ಸಿನಲ್ಲಿ ಟಿಕೆಟ್ ಹರಿಯುವವನು, ಕಾರ್ಖಾನೆಯಲ್ಲಿ ಹೆಲ್ಪರ್ ಆದವನು ರಾತ್ರಿ ಗದೆ ಹೆಗಲಿಗೇರಿಸಿ ಕಂದಪದ್ಯ ಎತ್ತುತ್ತಾನೆ. ಹಳಗನ್ನಡದ ನೆರಳಿರುವ ಆ ಭಾಷೆಯನ್ನು ಯಾವ ಅಧ್ಯಾಪಕನೂ ಅವನಿಗೆ ಕಲಿಸಿಲ್ಲ. ಕೈಯಲ್ಲಿ ಬರೆದ ನೋಟ್‌ಬುಕ್ಕಿನಿಂದ, ಕಿವಿಯಿಂದ ಕಲಿತದ್ದು.

ಅವನು ದುರ್ಯೋಧನನನ್ನೇ ಯಾಕೆ ಕೇಳುತ್ತಾನೆ ಎಂದೂ ನೋಡಬೇಕು. ಹುಟ್ಟು ಯಾವುದು ಎಂದು ಕೇಳಿ ಕರ್ಣನನ್ನು ಅವಮಾನ ಮಾಡಿದ ಸಭೆಯಲ್ಲಿ ಎದ್ದು ನಿಂತು ಅಂಗರಾಜ್ಯದ ಪಟ್ಟ ಕಟ್ಟಿದವನು ದುರ್ಯೋಧನ. 941ರಲ್ಲಿ ಪಂಪ ಕರ್ಣನಿಗೂ, ಆಮೇಲೆ ರನ್ನ ದುರ್ಯೋಧನನಿಗೂ ಕೊಟ್ಟ ಗೌರವ ಕನ್ನಡಕ್ಕೇ ವಿಶೇಷವಾದದ್ದು. ಆ ಪರಂಪರೆ ವಿಶ್ವವಿದ್ಯಾಲಯದಲ್ಲಿ ಪಠ್ಯವಾಯಿತು, ಕೇರಿಯಲ್ಲಿ ಪಾರ್ಟಾಯಿತು. ಕರ್ಣನ ಪಾರ್ಟು ಮಾಡುವವನ ಗಂಟಲು ಹುಟ್ಟಿನ ಮಾತು ಬಂದಾಗ ಬಿಗಿಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಅದನ್ನು ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಸ್ಟಾನಿಸ್ಲಾವ್ಸ್ಕಿ ನಟನಿಗೆ ನಿನ್ನ ಸ್ವಂತ ನೆನಪಿನಿಂದ ಭಾವ ತಗೋ ಎಂದು ಮಾಸ್ಕೋದಲ್ಲಿ ಬೋಧಿಸಿದ. ಈ ಹುಡುಗನಿಗೆ ಅದನ್ನು ಬೋಧಿಸಬೇಕಾಗಿಲ್ಲ.

ಇದು ವೈದಿಕ ಪುರಾಣಕ್ಕೆ ಶರಣಾಗುವುದಲ್ಲವೇ, ಕಿರೀಟ ಇಳಿಸಿದ ಮೇಲೆ ಬೆಳಿಗ್ಗೆ ಅದೇ ಪೊರಕೆಯಲ್ಲವೇ ಎಂದು ನಮ್ಮ ಸಂಘಟನೆಯ ಗೆಳೆಯರು ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಸಾಲ ಮಾಡಿ ಪಾರ್ಟು ಕೊಳ್ಳುವವನ ಮನೆಯ ಕಷ್ಟವನ್ನು ನಾನು ಅಲ್ಲಗಳೆಯುವುದಿಲ್ಲ. ಕರ್ಣನ ಕಣ್ಣೀರಿನಿಂದ ಅಂತರ್ಜಾತಿ ಮದುವೆಯಾದ ಹುಡುಗನ ಜೀವ ಉಳಿಯುವುದಿಲ್ಲ. ಆದರೆ ರಾತ್ರಿಯೆಲ್ಲ ಬೆನ್ನು ನೆಟ್ಟಗೆ ಮಾಡಿ ಸಿಂಹಾಸನದ ಮೇಲೆ ಕೂತ ಮೈ ಅದನ್ನು ಪೂರ್ತಿ ಮರೆಯುವುದಿಲ್ಲ. ಕರಪತ್ರದಲ್ಲಿ ತಂದೆಯ ಹೆಸರಿನ ಸಮೇತ ಅವನ ಹೆಸರು ಅಚ್ಚಾಗಿರುತ್ತದೆ, ಫೋಟೋ ಇರುತ್ತದೆ. ಏಕವಚನದಲ್ಲೇ ಕೂಗಿಸಿಕೊಂಡ ಮನೆತನಕ್ಕೆ ಅದು ಸಣ್ಣ ಸಂಗತಿಯಲ್ಲ. ಇನ್ನೂ ಮುಖ್ಯವಾದದ್ದು, ನಟನೆಗೆ ಬೇಕಾದ ಗಂಟಲು, ನೆನಪು, ನಿಲುವು ಕೇರಿಯಲ್ಲಿ ಮೊದಲಿಂದಲೂ ಇದೆ ಎಂಬುದಕ್ಕೆ ಇದೇ ಸಾಕ್ಷಿ. ನಮ್ಮಲ್ಲಿ ನಟರಿಲ್ಲ ಅಂತ ಯಾರಾದರೂ ಹೇಳಿದರೆ ಅವರನ್ನು ಒಂದು ರಾತ್ರಿ ಕುರುಕ್ಷೇತ್ರಕ್ಕೆ ಕರೆದುಕೊಂಡು ಹೋಗಿ ಕೂರಿಸಬೇಕು.

8

ಇದೇ ದಿಕ್ಕಿನಲ್ಲಿ ಜ್ಞಾನಭಾರತಿಯ ಹಿಂದೆ, ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮ ಇದೆ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಸಿ. ಬಸವಲಿಂಗಯ್ಯ ನಿರ್ದೇಶಿಸಿದ 'ಮಲೆಗಳಲ್ಲಿ ಮದುಮಗಳು' 2013ರಲ್ಲಿ ಅಲ್ಲಿಗೆ ಬಂತು. ಕೆ.ವೈ. ನಾರಾಯಣಸ್ವಾಮಿಯವರ ರಂಗರೂಪ, ಹಂಸಲೇಖ ಸಂಗೀತ, ಸುಮಾರು ಒಂಬತ್ತು ಗಂಟೆ, ನಾಲ್ಕು ಬಯಲು ರಂಗಸ್ಥಳ. ಪ್ರೇಕ್ಷಕರು ಚಾಪೆ, ಕಂಬಳಿ ಹಿಡಿದು ಒಂದರಿಂದ ಇನ್ನೊಂದಕ್ಕೆ ನಡೆಯುತ್ತ ಬೆಳಗು ಮಾಡಿದರು. ಕುರುಕ್ಷೇತ್ರ ನೋಡುವ ಅಭ್ಯಾಸವಿದ್ದ ಜನಕ್ಕೆ ರಾತ್ರಿಯ ಆಟ ಹೊಸದಲ್ಲ. ಹೊಸದಾಗಿದ್ದದ್ದು ನಾಯಿಗುತ್ತಿ.

1967ರ ಆ ಕಾದಂಬರಿಯ ಗುತ್ತಿ ಹೊಲೆಯರವನು. ತಿಮ್ಮಿಯನ್ನು ಹಾರಿಸಿಕೊಂಡು, ತನ್ನ ನಾಯಿ ಹುಲಿಯನನ್ನು ಕಟ್ಟಿಕೊಂಡು, ಮಲೆ ಹತ್ತಿ ಇಳಿಯುತ್ತ ಇಡೀ ಕಥೆಗೆ ದಾರಿ ತೋರಿಸುವವನು. ಅವನು ಪ್ರೀತಿಸುತ್ತಾನೆ, ಸುಳ್ಳು ಹೇಳುತ್ತಾನೆ, ಹೆದರುತ್ತಾನೆ, ಉಪಾಯ ಮಾಡುತ್ತಾನೆ. ತುಂಗೆಯ ಪ್ರವಾಹದಲ್ಲಿ ಹುಲಿಯ ಕೊಚ್ಚಿಹೋದಾಗ ಅವನಿಗಾಗುವ ದುಃಖ ಜಾತಿಯ ದುಃಖವಲ್ಲ, ಜೊತೆಗಾರನನ್ನು ಕಳೆದುಕೊಂಡ ಮನುಷ್ಯನ ದುಃಖ. ಜಲಗಾರನಿಂದ ಗುತ್ತಿಯವರೆಗೆ ಕುವೆಂಪು ಅವರೇ ಎಷ್ಟು ದೂರ ನಡೆದರು ಎಂಬುದು ಓದುವಾಗ ಗೊತ್ತಾಗುವುದಕ್ಕಿಂತ ಹೆಚ್ಚಾಗಿ ನಟನ ಕಾಲಿನಲ್ಲಿ ಗೊತ್ತಾಗುತ್ತದೆ. ಜಲಗಾರನ ಪಾತ್ರಧಾರಿ ನಿಂತು ಕೈ ಮುಗಿಯಬೇಕು. ಗುತ್ತಿಯ ಪಾತ್ರಧಾರಿ ಓಡಬೇಕು.

ಇನ್ನೊಂದು ಈಚಿನ ಸಂಗತಿ. 2020ರಲ್ಲಿ ಹಿಂದಿಯ ಅಂಬೇಡ್ಕರ್ ಧಾರಾವಾಹಿ 'ಮಹಾನಾಯಕ' ಎಂಬ ಹೆಸರಿನಲ್ಲಿ ಜೀ ಕನ್ನಡಕ್ಕೆ ಡಬ್ ಆಗಿ ಬಂತು. ಪ್ರಸಾರದ ವಿರುದ್ಧ ಬೆದರಿಕೆ ಬಂದಾಗ ರಾಜ್ಯದ ಊರೂರಿನ ಕೇರಿಗಳಲ್ಲಿ ಅದರ ಪರವಾಗಿ ಬ್ಯಾನರುಗಳು ಎದ್ದವು. ಒಂದು ಧಾರಾವಾಹಿಗೆ ಜನ ತಮ್ಮ ಕಾಸಿನಲ್ಲಿ ಫ್ಲೆಕ್ಸ್ ಹಾಕಿಸಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಬಾಲಕ ಭೀಮನಾದ ಹುಡುಗ ಹಿಂದಿಯವನು, ತುಟಿಯ ಚಲನೆ ಹಿಂದಿಯದು, ಧ್ವನಿ ಇನ್ನೊಬ್ಬರದು. ಕಲೆಯ ಲೆಕ್ಕದಲ್ಲಿ ಅದು ಹೊಂದದ ನಟನೆ. ಆದರೂ ಶಾಲೆಯಲ್ಲಿ ನೀರಿನ ಗಡಿಗೆ ಮುಟ್ಟಬಾರದ ಹುಡುಗನನ್ನು ಕಂಡು ಮನೆಮನೆಯ ಮಕ್ಕಳು ಅವನೇ ತಾವು ಅಂದುಕೊಂಡರು. ಇಲ್ಲಿ ಪರಕಾಯ ಪ್ರವೇಶ ಮಾಡಿದ್ದು ನಟನಲ್ಲ, ಪ್ರೇಕ್ಷಕ. ಇನ್ನೊಂದು ಕಡೆ, ಅಂಬೇಡ್ಕರರ ಬಾಲ್ಯವನ್ನು ನೋಡಲು ನಮ್ಮ ಮಕ್ಕಳು ಬೇರೆ ಭಾಷೆಯ ತುಟಿಗಳನ್ನು ನೋಡಬೇಕಾಯಿತು ಎಂಬುದು ಕನ್ನಡದ ಟಿವಿ, ಸಿನಿಮಾ ರಂಗಗಳ ಬಡತನಕ್ಕೆ ಗುರುತು.

9

ಇಷ್ಟನ್ನು ಮುಂದಿಟ್ಟುಕೊಂಡು ದಲಿತ ವಿಮರ್ಶೆ ನಟನೆಯ ಮುಂದೆ ಯಾವ ಪ್ರಶ್ನೆಗಳನ್ನು ಇಡಬೇಕು? ನಟನ ಜಾತಿ ಯಾವುದು ಎಂಬುದು ನನ್ನ ಮೊದಲ ಪ್ರಶ್ನೆಯಲ್ಲ. ಜಬ್ಬಾರ್ ಪಟೇಲರ ಚಿತ್ರದಲ್ಲಿ ಮಲಯಾಳದ ಮಮ್ಮೂಟ್ಟಿ ಅಂಬೇಡ್ಕರರಾದಾಗ ಅದನ್ನು ನಾವು ನಮ್ಮದೆಂದೇ ನೋಡಿದೆವು. ನನ್ನ ಮೊದಲ ಪ್ರಶ್ನೆ, ದಾರಿ ಎರಡೂ ಕಡೆಗೆ ತೆರೆದಿದೆಯೇ ಎನ್ನುವುದು. ಮೇಲಿನವನು ಚೋಮನಾಗಬಹುದಾದರೆ ಕೇರಿಯ ಹುಡುಗಿ ಶಕುಂತಲೆಯೋ, ಸಾಮ್ರಾಟನ ತಾಯಿಯೋ, ಡಾಕ್ಟರೋ ಆಗಿ, ಜಾತಿಯ ಮಾತೇ ಬರದ ಪ್ರೇಮಕಥೆಯ ನಾಯಕಿಯಾಗಿ ಬರಬೇಕು. ರಂಗಶಾಲೆಗಳ ಆಯ್ಕೆಯ ಕೋಣೆಯಲ್ಲಿ ಇದನ್ನು ಗಟ್ಟಿಯಾಗಿ ಕೇಳಬೇಕು.

ಎರಡನೆಯದು, ಪಾತ್ರಕ್ಕೆ ಬಾಗಿಲು ಎಷ್ಟು? ನೋವು ಒಂದೇ ಆದರೆ ಅಂಥ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದರೂ ಅದು ನಮ್ಮನ್ನು ಕುಗ್ಗಿಸುತ್ತದೆ. ಮೂರನೆಯದು, ಮಾತು ಎಲ್ಲಿಯದು? ಯಾವ ಸೀಮೆಯೂ ಅಲ್ಲದ, 'ಬುದ್ಧೀ' ಎಂದು ಎಳೆಯುವ ನಾಟಕದ ಹೊಲಗೇರಿ ಭಾಷೆಯನ್ನು ಕಂಡಲ್ಲಿ ಕೂಗಿ ನಿಲ್ಲಿಸಬೇಕು. ನಾಲ್ಕನೆಯದು, ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು, ನಾಟಕ ಯಾರ ಬಗ್ಗೆಯೋ ಅವರು ಎದುರಿಗೆ ಕೂತಿದ್ದಾರೆಯೇ? ಕೂತಿದ್ದರೆ ಎದ್ದು ನಿಂತು ಇದು ನಾನಲ್ಲ ಎನ್ನಲು ಅವರಿಗೆ ಜಾಗ ಇದೆಯೇ? ಟಿಕೆಟ್ ದರದಲ್ಲಿ, ನಾಟಕದ ವೇಳೆಯಲ್ಲಿ, ಕಡೆಯ ಬಸ್ಸಿನ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರ ಇರುತ್ತದೆ. ಕೆಂಗೇರಿಯಿಂದ ನಗರದ ಇನ್ನೊಂದು ತುದಿಯ ರಂಗಮಂದಿರಕ್ಕೆ ಹೋಗಿ ಬರಲು ಪೌರಕಾರ್ಮಿಕ ಹೆಂಗಸಿಗೆ ಎಷ್ಟು ಹೊತ್ತು ಬೇಕು, ಬೆಳಿಗ್ಗೆ ಎಷ್ಟಕ್ಕೆ ಅವಳು ಹಾಜರಿ ಹಾಕಬೇಕು ಎಂದು ಗೊತ್ತಿಲ್ಲದ ನಿರ್ದೇಶಕನಿಗೆ ಅವಳ ಪಾತ್ರವನ್ನು ನಟಿಗೆ ಹೇಳಿಕೊಡುವ ಅರ್ಹತೆ ಕಮ್ಮಿ.

ಈ ಸಂಚಿಕೆಯನ್ನು ಓದುವ ವಿದ್ಯಾರ್ಥಿಗಳಿಗೆ, ತಂಡ ಕಟ್ಟುವ ಗೆಳೆಯರಿಗೆ ನನ್ನ ಕೋರಿಕೆ ಸಣ್ಣದು. ನಿಮ್ಮ ನಾಟಕದ ಮೊದಲ ಪ್ರಯೋಗವನ್ನು ಅದು ಯಾರ ಕಥೆಯೋ ಅವರ ಬೀದಿಯಲ್ಲಿ ಮಾಡಿ. ಮುಗಿದ ಮೇಲೆ ಚಪ್ಪಾಳೆಗೆ ಕಾಯದೆ ಅಲ್ಲೇ ಕೂತು ಅವರ ಮಾತು ಕೇಳಿ. ಬೈದರೆ ಬೈಸಿಕೊಳ್ಳಿ, ತಿದ್ದಿದರೆ ತಿದ್ದಿಕೊಳ್ಳಿ. ಇಂದ್ರನ ಕೋಲನ್ನು ಪೂಜೆ ಮಾಡಿದ್ದು ಸಾಕು. ಇನ್ನು ಅಸುರನ ಮಾತಿಗೆ ಕಿವಿ ಕೊಡೋಣ.